ಬಂದವರು ಊರಿನವರಾಗುವ ತೀರ

ಗುರುವಾರ, ಜೆಪ್ಪು ಮತ್ತು ಬಂದರು

ರಾಣೆಬೆನ್ನೂರಿನ ನಮ್ಮ ಅಜ್ಜನ ಮನೆಯ ಸೂರಿಗೆ ಹೊದಿಸಿದ್ದು ಮಂಗಳೂರು ಹೆಂಚು. ಓಣಿಯ ಮುಕ್ಕಾಲು ಪಾಲು ಮನೆಗಳಿಗೂ ಅದೇ. ಜೋಳ, ಹತ್ತಿ ಬೆಳೆಯುವ ಸೀಮೆಯ ತಲೆಯ ಮೇಲೆ ಕಡಲ ದಂಡೆಯ ಮಣ್ಣು ಹೇಗೆ ಬಂದು ಕೂತಿತು ಎನ್ನುವುದು ಚಿಕ್ಕಂದಿನಿಂದಲೂ ಕೊರೆಯುತ್ತಿದ್ದ ಪ್ರಶ್ನೆ. ಮಂಗಳೂರಿಗೆ ಬಂದಿಳಿದ ಬೆಳಿಗ್ಗೆ ಪಣಂಬೂರಿನ ಕಡಲಿಗೆ ಹೋಗದೆ ನೇರ ಜೆಪ್ಪುವಿನ ಕಡೆಗೆ ಹೊರಟದ್ದು ಅದಕ್ಕೇ.

ಸ್ಟೇಟ್ ಬ್ಯಾಂಕ್ ಬಳಿ ಹತ್ತಿದ ಸಿಟಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದುಕೊಂಡೇ ಚಿಲ್ಲರೆ ಕೊಟ್ಟು, 'ರೈಟ್ ಪೋಯಿ' ಎಂದು ಕೂಗಿ, ನನಗೆ ಕನ್ನಡದಲ್ಲಿ, ಹಿಂದಿದ್ದ ಅಜ್ಜಿಗೆ ಕೊಂಕಣಿಯಲ್ಲಿ, ಮೆಟ್ಟಿಲ ಮೇಲಿದ್ದ ಹುಡುಗರಿಗೆ ಬ್ಯಾರಿಯಲ್ಲಿ ಮಾತಾಡುತ್ತಿದ್ದ. ಯಾರೂ ಅದನ್ನು ವಿಶೇಷವೆಂದು ಗಮನಿಸಲಿಲ್ಲ.

ಮಾರ್ಗನ್ಸ್ ಗೇಟ್ ದಾಟಿ ನೇತ್ರಾವತಿಯ ಕಡೆಗೆ ಇಳಿದರೆ ಹೆಂಚಿನ ಕತೆ ಶುರುವಾದ ಜಾಗ. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಿಂದ ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಧರ್ಮ ಬದಲಿಸಿದವರಿಗೆ ಜಾತಿಯ ಕಸುಬೂ ಹೋಗುತ್ತಿತ್ತು, ಗೇಣಿಯ ಭೂಮಿಯೂ ಹೋಗುತ್ತಿತ್ತು. ಅವರ ಹೊಟ್ಟೆಪಾಡಿಗೆಂದು ಮಿಷನ್ ಮಗ್ಗ ಹೂಡಿತು, ಅಚ್ಚುಕೂಟ ತೆರೆಯಿತು, ಕೊನೆಗೆ ಹೆಂಚಿಗೂ ಕೈಹಾಕಿತು. ಜಾರ್ಜ್ ಪ್ಲೆಬ್ಸ್ಟ್ ಎಂಬ ತಂತ್ರಜ್ಞ ನೇತ್ರಾವತಿ ದಂಡೆಯ ಜೇಡಿ ಹೆಂಚಿಗೆ ಹೇಳಿ ಮಾಡಿಸಿದ್ದೆಂದು ಕಂಡುಕೊಂಡ. 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಎದ್ದಿತು. ಮೂರು ವರ್ಷಗಳಲ್ಲಿ ಆಲ್ಬುಕರ್ಕ್ ಮನೆತನದ ಕಾರ್ಖಾನೆ ಬಂತು, ಆಮೇಲೆ ಸಾಲುಸಾಲು. ನದಿಯಲ್ಲಿ ಮಣ್ಣು, ಘಟ್ಟದಲ್ಲಿ ಸೌದೆ, ಪಕ್ಕದಲ್ಲೇ ಬಂದರು. ಮೂರೂ ಒಂದೆಡೆ ಕೂಡಿದ್ದರಿಂದ ಹೆಂಚು ಹಡಗು ಹತ್ತಿ ಪೂರ್ವ ಆಫ್ರಿಕಾ, ಆಸ್ಟ್ರೇಲಿಯಾದವರೆಗೆ ಹೋಯಿತು. ರಾಣೆಬೆನ್ನೂರು ಅದಕ್ಕೆ ಯಾವ ದೂರ!

ಈಗ ಬಹುಪಾಲು ಕಾರ್ಖಾನೆಗಳು ಮುಚ್ಚಿವೆ. ತಾರಸಿ ಮನೆಗಳು ಬಂದವು, ಮಣ್ಣು ತೆಗೆಯುವುದು ಕಷ್ಟವಾಯಿತು. ಅಲ್ಲೇ ಹತ್ತಿರದ ಚಹಾ ಅಂಗಡಿಯಲ್ಲಿ ಹೆಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಸಿಕ್ಕರು. ನನ್ನ ಪ್ರಶ್ನೆ ಕೇಳಿ, ಮಾತಾಡದೆ ಎದ್ದು ಹೋಗಿ, ಮನೆಯ ಹಿತ್ತಲಿನಿಂದ ಒಂದು ಹಳೆಯ ಹೆಂಚು ತಂದು ಕೈಗಿಟ್ಟರು.

'ತಿರುಗಿಸಿ ನೋಡಿ.'

ಮೇಲ್ಮೈಯನ್ನಷ್ಟೇ ನೋಡಿ ಬೆಳೆದ ನನಗೆ ಹೆಂಚಿನ ಹೊಟ್ಟೆ ಹೊಸದು. ಹಿಂಬದಿಯಲ್ಲಿ ಮೇಲ್ತುದಿಗೆ ಎರಡು ಮೂಗು. ಪಕ್ಕಾಸಿನ ಮೇಲೆ ರೀಪು, ರೀಪಿಗೆ ಈ ಮೂಗು ಸಿಕ್ಕಿಸಿದರೆ ಹೆಂಚು ಜಾರುವುದಿಲ್ಲ. ಒಂದು ಅಂಚಿನಲ್ಲಿ ಗಾಡಿ, ಅಂದರೆ ಉದ್ದಕ್ಕೆ ತಗ್ಗಾದ ಗೀರು, ಇನ್ನೊಂದು ಅಂಚಿನಲ್ಲಿ ಉಬ್ಬಿದ ಏಣು. ಒಂದರ ಏಣು ಪಕ್ಕದ್ದರ ಗಾಡಿಯಲ್ಲಿ ಕೂರುತ್ತದೆ. ಗಾರೆ ಬೇಡ, ಮೊಳೆ ಬೇಡ. ಸಂದಿಯಲ್ಲಿ ಒಳನುಗ್ಗಲು ನೋಡಿದ ಮಳೆನೀರು ಆ ಗಾಡಿಯಲ್ಲೇ ಹರಿದು ಕೆಳಗಿನ ಹೆಂಚಿನ ಮೇಲೆ ಬೀಳುತ್ತದೆ. ಗಾಳಿ ಮಾತ್ರ ಒಳಗೆ ಆಡುತ್ತದೆ. ಕರಾವಳಿಯ ಮಳೆಗಾಲವನ್ನು ತಡೆಯಲು ಮಾಡಿದ ಈ ಬೆರಳಗಲದ ಲೆಕ್ಕಾಚಾರ ನೋಡಿ ನಾನು ಬಹಳ ಹೊತ್ತು ಹೆಂಚನ್ನು ಕೆಳಗಿಡಲಿಲ್ಲ. ಹಿರಿಯರು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರು. ಕಂಚಿನ ದನಿ ಬಂತು. 'ಬೆಂದದ್ದು ಹೀಗೆ ಹೇಳ್ತದೆ. ಬೇಯದ್ದು ದನಿ ಬಿಡುದಿಲ್ಲ. ಗೂಡಿನಿಂದ ಹೊರಗೆ ತೆಗೆಯುವಾಗ ಒಂದೊಂದನ್ನೂ ತಟ್ಟಿ ನೋಡ್ತಾ ಇದ್ದೆವು.'

ಮೊದಲ ಮಹಾಯುದ್ಧದ ನಂತರ ಬ್ರಿಟಿಷರು ಬಾಸೆಲ್ ಮಿಷನ್ನಿನ ಉದ್ಯಮಗಳನ್ನು ಕಿತ್ತುಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ವಹಿಸಿದರು. ಬಂದವರು ಹೋದರು, ಹೆಂಚು ಉಳಿಯಿತು. ಹೆಂಚಷ್ಟೇ ಅಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೊಗ್ಲಿಂಗ್ ಇದೇ ಊರಿನಲ್ಲಿ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಡಿಸಿದ್ದ. 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾದದ್ದೂ ಇಲ್ಲಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲೇ. ಇಂದಿಗೂ ಹಳಗನ್ನಡ ಪದ್ಯಕ್ಕೆ ಅರ್ಥ ತಿಳಿಯದಿದ್ದರೆ ನಾನು ತೆರೆಯುವುದು ಅದನ್ನೇ.

ಸಂಜೆ ಹಳೆ ಬಂದರಿನ ಕಡೆ ನಡೆದೆ. ಒಣಮೀನು, ಹಗ್ಗ, ಮೆಣಸು, ಡೀಸೆಲ್ ಎಲ್ಲದರ ವಾಸನೆ ಕಲೆತ ಬೀದಿಗಳ ನಡುವೆ ಝೀನತ್ ಬಕ್ಷ್ ಮಸೀದಿ. ಅರಬ್ಬಿ ವರ್ತಕರ ಜೊತೆ ಬಂದ ಮಾಲಿಕ್ ದೀನಾರ್ ಪರಂಪರೆಯ ಮಸೀದಿ ಇದೆಂಬ ನಂಬಿಕೆ. ಟಿಪ್ಪು ಇದನ್ನು ಜೀರ್ಣೋದ್ಧಾರ ಮಾಡಿಸಿದನೆನ್ನುತ್ತಾರೆ. ಒಳಗಿನ ಹಳೆಯ ಭಾಗವೆಲ್ಲ ಮರ. ಕಂಬಗಳ ಬುಡದ ಚೌಕ, ಮೇಲಿನ ಎಂಟು ಮೂಲೆ, ಬಳ್ಳಿ, ಹೂವು ಎಲ್ಲವೂ ಈ ನೆಲದ ದೇವಸ್ಥಾನಗಳಲ್ಲಿ, ಗುತ್ತಿನ ಮನೆಗಳ ಚಾವಡಿಗಳಲ್ಲಿ ಕಾಣುವ ಕೆತ್ತನೆಯ ಬಂಧುಗಳೇ. ಪ್ರಾರ್ಥನೆ ಅರಬ್ಬಿಯದು, ಉಳಿ ಊರಿನ ಆಚಾರಿಯದು.

ಶುಕ್ರವಾರ, ಲೈಟ್‌ಹೌಸ್ ಹಿಲ್ ಮತ್ತು ಕದ್ರಿ

ಸಂತ ಅಲೋಶಿಯಸ್ ಚಾಪೆಲಿನ ಹೊರಗೋಡೆ ನೋಡಿದರೆ ಒಳಗೆ ಇಂಥದ್ದೊಂದು ಲೋಕವಿದೆಯೆಂದು ತಿಳಿಯುವುದಿಲ್ಲ. ಬಾಗಿಲು ದಾಟಿದ ಕೂಡಲೇ ಗೋಡೆ, ಕಮಾನು, ಮಾಡು ಎಲ್ಲವೂ ಬಣ್ಣ. ಖಾಲಿ ಬಿಟ್ಟ ಜಾಗವೇ ಕಣ್ಣಿಗೆ ಬೀಳುವುದಿಲ್ಲ. ಬರೆದವರು ಆಂತೋನಿಯೊ ಮೊಸ್ಕೆನಿ. ಇಟಲಿಯ ಬೆರ್ಗಾಮೊ ಸೀಮೆಯಲ್ಲಿ ಹುಟ್ಟಿ, ಅಲ್ಲಿನ ಕಲಾಶಾಲೆಯಲ್ಲಿ ಕಲಿತು, ಜೆಸ್ವಿತರ ಸಭೆ ಸೇರಿದ ಬ್ರದರ್. 1899ರಲ್ಲಿ ಶುರುಮಾಡಿ 1901ರಲ್ಲಿ ಮುಗಿಸಿದರು.

ಗೋಡೆಯ ಚಿತ್ರಗಳು ಫ್ರೆಸ್ಕೊ. ಸುಣ್ಣದ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆ ದಿನ ಎಷ್ಟು ಬರೆಯಲು ಸಾಧ್ಯವೋ ಅಷ್ಟಕ್ಕೇ ಗಾರೆ ಬಳಿಯಬೇಕು. ತಿದ್ದುವ ಅವಕಾಶ ಬಹಳ ಕಡಿಮೆ. ಗೋಡೆಗೆ ಕೈಯಿಟ್ಟರೆ ಬೆವರು ಅಂಟುವ ಮಂಗಳೂರಿನ ಹವೆಯಲ್ಲಿ ಈ ಕೆಲಸ ಹೇಗಾಯಿತೋ! ಮಾಡಿನ ಸಾಲಿನಲ್ಲಿ ಅಲೋಶಿಯಸ್ ಗೊನ್ಸಾಗನ ಜೀವನ ಇದೆ: ಅರಸುಮನೆತನದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟ ಹುಡುಗ, ರೋಮಿನಲ್ಲಿ ಪ್ಲೇಗು ತಗುಲಿದವರ ಸೇವೆ ಮಾಡುತ್ತ 1591ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡವನು. ಕೆಳಗಿನಿಂದ ಕೆತ್ತನೆಯೆನಿಸುವ ಅಂಚುಪಟ್ಟಿಗಳು ಹತ್ತಿರ ಹೋದರೆ ಬರಿಯ ಬಣ್ಣ, ನೆರಳು ಬೆಳಕಿನ ಕೈಚಳಕ.

ಫೋಟೊ ತೆಗೆಯುವಂತಿಲ್ಲ. ಅದು ಒಳ್ಳೆಯದೇ ಆಯಿತು. ಎಲ್ಲರೂ ಬೆಂಚಿನ ಮೇಲೆ ಕೂತು ಕತ್ತು ಮೇಲೆತ್ತಿ ನಿಜವಾಗಿ ನೋಡುತ್ತಿದ್ದರು. ನನ್ನ ಪಕ್ಕ ಬುರ್ಖಾ ತೊಟ್ಟ ತಾಯಿಯೊಬ್ಬರು ಮಗನಿಗೆ ಒಂದೊಂದೇ ಚಿತ್ರ ತೋರಿಸುತ್ತ ಅದರ ಕತೆಯನ್ನು ತಾವೇ ಊಹಿಸಿ ಹೇಳುತ್ತಿದ್ದರು. ಆ ಹುಡುಗನಿಗೆ ಪ್ಲೇಗಿನ ರೋಗಿಯನ್ನು ಹೊತ್ತವನು ಬಹಳ ಹಿಡಿಸಿದ. ಮೊಸ್ಕೆನಿ ಊರಿಗೆ ಮರಳಲಿಲ್ಲ. ಇಲ್ಲಿಂದ ಮುಂದೆಯೂ ಚರ್ಚುಗಳಿಗೆ ಬರೆಯುತ್ತ ಹೋಗಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಮಧ್ಯಾಹ್ನ ಬಂಗುಡೆ ಪುಳಿಮುಂಚಿ ಉಂಡು, ಬಿಸಿಲು ಇಳಿದ ಮೇಲೆ ಕದ್ರಿಗೆ ಹೋದೆ.

ಮಂಜುನಾಥನ ಗುಡಿಯಲ್ಲಿ ನನಗೆ ನೋಡಬೇಕಿದ್ದದ್ದು ಲೋಕೇಶ್ವರನ ಕಂಚಿನ ವಿಗ್ರಹ. ಮೂರು ಮುಖ, ಆರು ಕೈ. ಪೀಠದ ಮೇಲಿನ ಶಾಸನದ ಪ್ರಕಾರ ಆಳುಪ ಅರಸ ಕುಂದವರ್ಮ ಇದನ್ನು ಕ್ರಿ.ಶ. 968ರಲ್ಲಿ ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದ. ವಿಹಾರವೆಂದರೆ ಬೌದ್ಧರ ನೆಲೆ. ವಿಗ್ರಹ ಬುದ್ಧಮಾರ್ಗದ ಅವಲೋಕಿತೇಶ್ವರನದೆಂದು ವಿದ್ವಾಂಸರು ಗುರುತಿಸಿದ್ದಾರೆ. ಶಾಸನ ಕುಂದವರ್ಮನನ್ನು ಶಿವಭಕ್ತನೆಂದೂ ಹೊಗಳುತ್ತದೆ. ಸಾವಿರ ವರ್ಷಗಳ ಹಿಂದೆ ಒಬ್ಬ ಅರಸನಿಗೆ ಇದರಲ್ಲಿ ಯಾವ ತೊಡಕೂ ಕಾಣಲಿಲ್ಲ. ಇಂದು ಅದೇ ವಿಗ್ರಹಕ್ಕೆ ಶಿವಾಲಯದಲ್ಲಿ ಹೂವೇರುತ್ತದೆ. ನಿಂತು ನೋಡಿದಾಗ ಕಂಚಿನ ಕಿರೀಟದ ಸೂಕ್ಷ್ಮ, ಅರೆಮುಚ್ಚಿದ ಕಣ್ಣುಗಳ ಸಮಾಧಾನ ನನ್ನನ್ನು ಹಿಡಿದು ನಿಲ್ಲಿಸಿತು. ದಕ್ಷಿಣ ಭಾರತದ ಕಂಚಿನ ಶಿಲ್ಪಗಳ ಮಾತು ಬಂದಾಗಲೆಲ್ಲ ಎಲ್ಲರೂ ತಂಜಾವೂರಿನ ಕಡೆ ಮುಖ ಮಾಡುತ್ತಾರೆ; ಕದ್ರಿಯ ಮೆಟ್ಟಿಲು ಹತ್ತಿದವರು ಹಾಗೆ ಮಾಡಲಾರರು.

ಗುಡಿಯ ಹಿಂದಿನ ಗುಡ್ಡದ ಮೇಲೆ ಜೋಗಿ ಮಠ. ಇಲ್ಲಿನ ಅರಸನ ಕತೆ ವಿಚಿತ್ರ. ಹನ್ನೆರಡು ವರ್ಷಕ್ಕೊಮ್ಮೆ, ನಾಸಿಕದ ತ್ರ್ಯಂಬಕದಲ್ಲಿ ಕುಂಭಮೇಳವಾದಾಗ ನಾಥ ಯೋಗಿಗಳು ಕದ್ರಿಗೊಬ್ಬ ಅರಸನನ್ನು ಆರಿಸುತ್ತಾರೆ. ಅಲ್ಲಿಂದ 'ಝುಂಡಿ' ಎಂಬ ಯೋಗಿಗಳ ತಂಡ ಕಾಲ್ನಡಿಗೆಯಲ್ಲಿ ಮಹಾರಾಷ್ಟ್ರ, ಕರ್ನಾಟಕ ದಾಟಿ, ತಿಂಗಳುಗಟ್ಟಲೆ ನಡೆದು ಕದ್ರಿ ತಲುಪುತ್ತದೆ. ಹೊಸ ಅರಸನಿಗೆ ಪಟ್ಟವಾಗುತ್ತದೆ, ಹಳಬ ಇಳಿದು ಹೋಗುತ್ತಾನೆ. ಹೀಗೆ ಕೊನೆಯ ಪಟ್ಟಾಭಿಷೇಕ ನಡೆದದ್ದು 2016ರಲ್ಲಿ. ಕಿವಿಗೆ ದೊಡ್ಡ ಕುಂಡಲ ತೊಟ್ಟ ಸಾಧುವೊಬ್ಬರು ಅಂಗಳ ಗುಡಿಸುತ್ತಿದ್ದರು. ಹಿಂದಿಯಲ್ಲಿ ಮಾತಿಗಿಳಿದೆ, ಅವರು ತುಳು ಬೆರೆಸಿದ ಕನ್ನಡದಲ್ಲಿ ಉತ್ತರಿಸಿ, 'ಊಟ ಆಯ್ತಾ?' ಎಂದು ಕೇಳಿದರು.

ಶನಿವಾರ, ಮೂಲ್ಕಿ ಮತ್ತು ಕಿನ್ನಿಗೋಳಿ

ಬಪ್ಪನಾಡಿನ ದುರ್ಗಾಪರಮೇಶ್ವರಿ ಶಾಂಭವಿ ನದಿಯ ಬದಿಯ ದೇವಿ. ಗುಡಿಯ ಐತಿಹ್ಯದಲ್ಲಿ ಬರುವುದು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ. ಅವನ ದೋಣಿ ನದಿಯಲ್ಲಿ ನಿಂತುಬಿಟ್ಟಿತು, ದೇವಿ ಕನಸಿನಲ್ಲಿ ಬಂದು ಗುಡಿ ಕಟ್ಟಿಸೆಂದಳು, ಅವನು ಕಟ್ಟಿಸಿದ. ಊರಿನ ಹೆಸರೇ ಅವನದು. ಜಾತ್ರೆಯಲ್ಲಿ ಆ ಮನೆತನಕ್ಕೆ ಇಂದಿಗೂ ಪ್ರಸಾದ ಸಲ್ಲುತ್ತದೆ.

ಇದನ್ನು ಬರೆಯುವಾಗ ಇನ್ನೊಂದನ್ನು ಬಿಡಲಾರೆ. 2022ರ ಜಾತ್ರೆಯ ಹೊತ್ತಿಗೆ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡುವುದಿಲ್ಲವೆಂಬ ಬ್ಯಾನರುಗಳು ಇದೇ ಊರಿನಲ್ಲಿ ಎದ್ದಿದ್ದವು. ಪತ್ರಿಕೆಯಲ್ಲಿ ಓದಿದಾಗಲೇ ಸಂಕಟವಾಗಿತ್ತು. ಇಲ್ಲಿ ಬಂದು, ಗುಡಿಯ ಹುಟ್ಟಿನ ಕತೆಯನ್ನು ಹೂವಿನ ಅಂಗಡಿಯ ಹೆಂಗಸಿನ ಬಾಯಲ್ಲೇ, ಭಕ್ತಿಯಿಂದ ಕೇಳಿದ ಮೇಲೆ ಆ ಸಂಕಟ ಹೆಚ್ಚಾಯಿತು. ದೇವಿಯೇ ಆರಿಸಿಕೊಂಡವನ ಕುಲದವರನ್ನು ಅವಳ ಜಾತ್ರೆಯಿಂದ ದೂರವಿಡಲು ಹೊರಟವರಿಗೆ ಆ ಕತೆ ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ.

ಅಲ್ಲಿಂದ ಕಿನ್ನಿಗೋಳಿ ಹತ್ತಿರ. ತಾಳಿಪಾಡಿ ನೇಕಾರರ ಸಂಘದ ಕಟ್ಟಡದ ಬಳಿ ಹೋಗುವಾಗಲೇ ಮಗ್ಗದ ಸದ್ದು. ಉಡುಪಿ ಸೀರೆ ಹುಟ್ಟುವುದು ಇಲ್ಲಿ. ಬಾಸೆಲ್ ಮಿಷನ್ 1844ರಲ್ಲಿ ಮಂಗಳೂರಿನಲ್ಲಿ ನೇಯ್ಗೆ ಆರಂಭಿಸಿತ್ತು. ಅದು ತಂದ ಹೊಸ ಬಗೆಯ ಮಗ್ಗಗಳು ಇಲ್ಲಿನ ನೇಕಾರ ಸಮುದಾಯವಾದ ಶೆಟ್ಟಿಗಾರರ ಕೈಗೆ ಬಂದ ಮೇಲೆ ಈ ಕಸುಬಿಗೆ ಹೊಸ ಬಲ ಬಂತು. ಗುರುವಾರ ಜೆಪ್ಪುವಿನಲ್ಲಿ ಬಿಟ್ಟ ಎಳೆ ಇಲ್ಲಿ ಮತ್ತೆ ಕೈಗೆ ಸಿಕ್ಕಿತು.

ಮಗ್ಗದಲ್ಲಿ ಕೂತಿದ್ದ ಹಿರಿಯ ಮಹಿಳೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಹಾಸಿನ ನೂಲಿಗೆ ಅಕ್ಕಿಗಂಜಿಯ ಪಸೆ. ಕಾಲು ಒಂದು ಹಲಗೆ ಒತ್ತುತ್ತದೆ, ಅರ್ಧ ಎಳೆ ಮೇಲೇಳುತ್ತದೆ, ಆ ಸಂದಿಯಲ್ಲಿ ಲಾಳಿ ಓಡುತ್ತದೆ, ಅಚ್ಚು ಬಂದು ಹೊಕ್ಕನ್ನು ಬಡಿಯುತ್ತದೆ. ಅಂಚಿನ ಬಣ್ಣದ ಬಳಿ ಅವರ ಎಡಗೈ ಪ್ರತಿಸಲವೂ ಒಂದು ಕ್ಷಣ ತಂಗುತ್ತಿತ್ತು. ಏಕೆಂದು ಕೇಳಿದೆ. 'ಎಳೆ ತುಂಡಾದ್ದು ಕಣ್ಣಿಗೆ ಮೊದಲು ಗೊತ್ತಾಗುದಿಲ್ಲ, ಬೆರಳಿಗೆ ಗೊತ್ತಾಗ್ತದೆ.' ಹೇಳಿ ಮುಗಿಸುವಷ್ಟರಲ್ಲಿ ಒಂದು ಎಳೆ ತುಂಡಾಯಿತು. ಎರಡು ತುದಿ ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಒಮ್ಮೆ ಹೊಸೆದು ಬಿಟ್ಟರು, ಗಂಟು ಕಾಣಲಿಲ್ಲ. ಸೀರೆ ತಿರುಗಿಸಿ ತೋರಿಸಿದರು. ಒಳಮೈ ಹೊರಮೈ ಎರಡೂ ಒಂದೇ. ಎರಡು ದಿನ ಬೇಕಂತೆ ಒಂದು ಸೀರೆಗೆ.

ಈ ಹತ್ತಿಯ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. ಆದರೆ ಆ ಹೊತ್ತಿಗೆ ನೇಯುವವರೇ ಬೆರಳೆಣಿಕೆಗೆ ಇಳಿದಿದ್ದರು. ಪವರ್‌ಲೂಮಿನ ಅಗ್ಗದ ಬಟ್ಟೆ, ಮುಂಬಯಿಯ ಹೋಟೆಲು, ಕೊಲ್ಲಿಯ ನೌಕರಿ ಮಕ್ಕಳನ್ನು ಮಗ್ಗದಿಂದ ಎಬ್ಬಿಸಿಕೊಂಡು ಹೋಗಿದ್ದವು. ಕದಿಕೆ ಟ್ರಸ್ಟ್ ಮತ್ತು ಸಂಘ ಸೇರಿ ಹಳಬರನ್ನು ಮಗ್ಗಕ್ಕೆ ಕರೆತಂದು, ಹೊಸಬರಿಗೆ ತರಬೇತಿ ಕೊಟ್ಟು, ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣಗಳನ್ನು ಹಿಡಿದು ಈ ಕಸುಬನ್ನು ಎತ್ತಿ ನಿಲ್ಲಿಸಿವೆ. ಮೂಲೆಯ ಮಗ್ಗದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಕಲಿಯುತ್ತಿದ್ದಳು. ನಾನು ಹೊರಡುವ ತನಕವೂ ಅವಳು ತಲೆಯೆತ್ತಲಿಲ್ಲ. ಅಮ್ಮನಿಗೊಂದು, ನನ್ನ ಹೆಂಡತಿಗೊಂದು ಸೀರೆ ಕೊಂಡೆ. ಇಂಥ ಕೆಲಸಕ್ಕೆ ಚೌಕಾಸಿ ಮಾಡುವವರನ್ನು ಕಂಡರೆ ನನಗಾಗದು.

ಭಾನುವಾರ, ಶಂಕರಪುರ ಮತ್ತು ಮಟ್ಟು

ಬೆಳಕು ಹರಿಯುವ ಮೊದಲು ಶಂಕರಪುರ. ಮಂಜು ಇನ್ನೂ ಬಿಟ್ಟಿರಲಿಲ್ಲ. ಉಡುಪಿ ಮಲ್ಲಿಗೆಯೆಂದು 2008ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಹೂವಿಗೆ ಜನ ಕರೆಯುವ ಹೆಸರು ಶಂಕರಪುರ ಮಲ್ಲಿಗೆ. ಬೆಳೆಯುವವರಲ್ಲಿ ಹೆಚ್ಚಿನವರು ಕ್ರೈಸ್ತರು. ಮನೆಯೆದುರಿನ ಐದಾರು ಸೆಂಟ್ಸ್ ಜಾಗದಲ್ಲೂ ಗಿಡ, ಬುಡಕ್ಕೆ ನೆನೆಸಿದ ನೆಲಗಡಲೆ ಹಿಂಡಿ.

ಮೊಗ್ಗು ಬಿರಿಯುವುದರೊಳಗೆ ಕೊಯ್ಯಬೇಕು, ಬಿರಿಯುವುದರೊಳಗೆ ಕಟ್ಟಬೇಕು. ಒಂದು ಅಂಗಳದಲ್ಲಿ ಅಜ್ಜಿ, ಸೊಸೆ, ಮೊಮ್ಮಗಳು ಮೂವರೂ ಕೆಲಸದಲ್ಲಿದ್ದರು. ಏಳೂವರೆಯ ಪೂಜೆಗೆ ಚರ್ಚಿಗೆ ಹೋಗಬೇಕು, ಅದಕ್ಕೂ ಮೊದಲು ಹೂವು ಮುಗಿಯಬೇಕು. ಬಾಳೆನಾರನ್ನು ಕಾಲಬೆರಳಿಗೆ ಸಿಕ್ಕಿಸಿ, ಅಜ್ಜಿ ಎಡಗೈಯಲ್ಲಿ ಮೊಗ್ಗು ಜೋಡಿಸುತ್ತ ಬಲಗೈಯಲ್ಲಿ ಸುತ್ತು ಹಾಕುತ್ತಿದ್ದರು. ಸುಮಾರು ಎಂಟುನೂರು ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ತುಟಿ ಅಲುಗದೆ ಎಣಿಕೆ ನಡೆಯುತ್ತಿತ್ತು. ನನ್ನ ಪ್ರಶ್ನೆಗೆ ಉತ್ತರಿಸಿದಾಗಲೂ ಲೆಕ್ಕ ತಪ್ಪಲಿಲ್ಲ. ಆ ದಿನದ ದರ ಶಂಕರಪುರದಲ್ಲೇ ನಿಗದಿಯಾಗಿ ಮಂಗಳೂರು, ಮುಂಬಯಿಯವರೆಗೂ ಅದೇ ನಡೆಯುತ್ತದೆ. ಚಳಿಗೆ ಹೂವು ಕಡಿಮೆ, ಮದುವೆ, ನೇಮ, ಜಾತ್ರೆ ಹೆಚ್ಚು. ಈ ತಿಂಗಳುಗಳಲ್ಲಿ ದರ ಏರುತ್ತಲೇ ಇರುತ್ತದೆ.

'ಈ ಹೂವೆಲ್ಲ ಎಲ್ಲಿಗೆ?' ಎಂದೆ.

'ಇವತ್ತಿಂದು ಒಂದು ದೈವದ ನೇಮಕ್ಕೆ ಹೇಳಿದ್ದಾರೆ. ಎರಡು ಅಟ್ಟೆ ನಾಗನ ಕಟ್ಟೆಗೆ. ಉಳಿದದ್ದು ಉಡುಪಿಗೆ ಹೋಗ್ತದೆ.' ಅಜ್ಜಿಯ ಕೊರಳಲ್ಲಿ ಶಿಲುಬೆ. ದೈವಕ್ಕೆ ಹೋಗುವ ಹೂವನ್ನು ಅವರು ಬೇರೆ ಬಾಳೆಲೆಯಲ್ಲಿ, ನೆಲಕ್ಕೆ ತಾಗದಂತೆ ಇಟ್ಟಿದ್ದರು. ಹಾಗೆ ಇಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ; ನೋಡಿ ಬಂದದ್ದು, ಮನಸ್ಸಿನಿಂದ ಬಂದದ್ದು.

ಮಟ್ಟು ಅಲ್ಲಿಂದ ಕಟಪಾಡಿಯಾಚೆ, ಒಂದು ಕಡೆ ನದಿ ಇನ್ನೊಂದು ಕಡೆ ಕಡಲಿರುವ ಹಳ್ಳಿ. ಮರಳು ಬೆರೆತ ಆ ಗದ್ದೆಗಳಲ್ಲಿ ಬೆಳೆಯುವ ಗುಂಡಗಿನ, ತಿಳಿಹಸಿರಿನ ಬದನೆಯೇ ಮಟ್ಟುಗುಳ್ಳ. ತೊಟ್ಟಿನಲ್ಲಿ ಮುಳ್ಳು. 16ನೇ ಶತಮಾನದ ಸೋದೆಯ ವಾದಿರಾಜರು ಬೀಜ ಕೊಟ್ಟರೆಂಬ ಐತಿಹ್ಯ. ಕೃಷ್ಣನ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಬಂದಾಗ ಊರಿನವರು ಉಡುಪಿಯ ಕೃಷ್ಣ ಮಠಕ್ಕೆ ಗುಳ್ಳದ ಹೊರೆಕಾಣಿಕೆ ಒಯ್ಯುತ್ತಾರೆ. 2011ರಲ್ಲಿ ಇದಕ್ಕೂ ಭೌಗೋಳಿಕ ಸೂಚಿಕೆ ಬಂತು. ನಕಲಿ ತಡೆಯಲು ಬೆಳೆಗಾರರು ಒಂದೊಂದು ಕಾಯಿಗೂ ಸ್ಟಿಕರ್ ಅಂಟಿಸುತ್ತಾರೆ. ಮಧ್ಯಾಹ್ನದ ಊಟದ ಗುಳ್ಳದ ಹುಳಿಯಲ್ಲಿ ಹೋಳು ಬೆಂದೂ ಕರಗಿರಲಿಲ್ಲ, ಕಹಿಯ ಸುಳಿವಿರಲಿಲ್ಲ. ಎರಡನೆಯ ಸಲ ಹಾಕಿಸಿಕೊಂಡೆ.

ಸೋಮವಾರ, ಉಡುಪಿ

ರಥಬೀದಿಯ ಬಗ್ಗೆ ಬರೆದವರು ಬಹಳ ಮಂದಿ. ನಾನು ಚುಟುಕಾಗಿ ಮುಗಿಸುತ್ತೇನೆ. ಕನಕನ ಕಿಂಡಿಯ ಮುಂದೆ ನಿಂತಾಗ ನನ್ನ ಮನಸ್ಸಿನಲ್ಲಿದ್ದದ್ದು ಕೃಷ್ಣ ಬಂದ ದಾರಿ. ದ್ವಾರಕೆಯ ಕಡೆಯಿಂದ ಬಂದ ಹಡಗೊಂದು ಮಲ್ಪೆಯ ಕಡಲಲ್ಲಿ ಬಿರುಗಾಳಿಗೆ ಸಿಕ್ಕಿತು, ಮಧ್ವಾಚಾರ್ಯರು ಅದನ್ನು ದಡ ಸೇರಿಸಿದರು, ಹಡಗಿನವರು ಕೊಟ್ಟ ಗೋಪೀಚಂದನದ ಗಡ್ಡೆಯೊಳಗೆ ಕೃಷ್ಣನಿದ್ದ ಎನ್ನುವುದು ಮಠದ ಐತಿಹ್ಯ. ಈ ಊರಿಗೆ ದೇವರೂ ದೋಣಿಯಲ್ಲೇ ಬಂದಿದ್ದಾನೆ. ಹಾವೇರಿ ಸೀಮೆಯ ನಮ್ಮ ಕನಕದಾಸರು ನಡೆದು ಬಂದರು.

ಆಮೇಲೆ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರ ಹಳೆಯ ಮನೆ. 1906ರಲ್ಲಿ ಅವರ ಮುಂದಾಳತ್ವದಲ್ಲಿ ಹುಟ್ಟಿದ ಉಡುಪಿಯ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ನೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಮೊದಲ ದಿನದ ಅದರ ಸಂಗ್ರಹ 38 ರೂಪಾಯಿ 13 ಆಣೆ 2 ಪೈ. ಮನೆ ಈಗ ನಾಣ್ಯಗಳ ಸಂಗ್ರಹಾಲಯ. ಮರದ ಮೆಟ್ಟಿಲು, ಕೆಂಪು ನೆಲ, ಗಾಜಿನ ಹಿಂದೆ ಆಳುಪರ, ವಿಜಯನಗರದ ಪುಟ್ಟ ಹೊನ್ನುಗಳು. 1925ರಲ್ಲಿ ಇದೇ ಊರಿನಲ್ಲಿ ಟಿ.ಎಂ.ಎ. ಪೈ ಮತ್ತು ಗೆಳೆಯರು ಇನ್ನೊಂದು ಸಂಸ್ಥೆ ಹುಟ್ಟುಹಾಕಿದ್ದು ಕಂಗಾಲಾದ ನೇಕಾರರಿಗೆ ಸಾಲ ಕೊಡಲು. 1928ರಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಿಂದ ಕೂಡಿಸುವ ಪಿಗ್ಮಿ ಠೇವಣಿ ತಂದದ್ದೂ ಅದೇ. ಅದು ಸಿಂಡಿಕೇಟ್ ಬ್ಯಾಂಕ್. ಎರಡೂ ಹೆಸರುಗಳು 2020ರ ಏಪ್ರಿಲ್ 1ರ ವಿಲೀನದಲ್ಲಿ ಮರೆಯಾದವು. ಕಿನ್ನಿಗೋಳಿಯ ಮಗ್ಗ ನೋಡಿ ಬಂದವನಿಗೆ ಆ ಎರಡಾಣೆಯ ಬೆಲೆ ಗೊತ್ತಾಗುತ್ತದೆ.

ಮಂಗಳವಾರ, ತೋನ್ಸೆಪಾರ್ ಮತ್ತು ಮಲ್ಪೆ

ಮಲ್ಪೆಯಿಂದ ಬೋಟು ಹೊರಟು ದಡ ಸಣ್ಣದಾಗುತ್ತಿದ್ದಂತೆ ತೆಂಗಿನ ತಲೆಗಳು ಕಂಡವು. ಸೇಂಟ್ ಮೇರೀಸ್ ದ್ವೀಪ; ಮೀನುಗಾರರಿಗೆ ತೋನ್ಸೆಪಾರ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯ ಹೆಸರಿಟ್ಟನೆಂಬ ಕತೆಗಿಂತ ನನ್ನನ್ನು ಎಳೆದು ತಂದದ್ದು ಇಲ್ಲಿನ ಕಲ್ಲು.

ಕಂಬಗಳು. ಯಾರೂ ಕಡೆದದ್ದಲ್ಲ, ತಾವೇ ಆದದ್ದು. ಐದು, ಆರು, ಏಳು ಮುಖದ ಕಲ್ಲಿನ ಕಂಬಗಳು ಒಂದಕ್ಕೊಂದು ಒತ್ತಿ, ಪೆನ್ಸಿಲಿನ ಕಟ್ಟನ್ನು ನಿಲ್ಲಿಸಿಟ್ಟಂತೆ ಕಡಲಂಚಿನಲ್ಲಿ ನಿಂತಿವೆ. ಕೆಲವು ಆರು ಮೀಟರಿನಷ್ಟು ಎತ್ತರ. ನೆಲದೊಳಗಿಂದ ಉಕ್ಕಿದ ಲಾವಾ ಆರುತ್ತ ಕುಗ್ಗುತ್ತದೆ. ಕುಗ್ಗುವಾಗ ಮೇಲ್ಮೈ ಬಿರಿಯುತ್ತದೆ. ಆ ಬಿರುಕು ಸಮಾನ ದೂರದ ಮೂಲೆಗಳಾಗಿ ಕೆಳಗಿಳಿಯುತ್ತ ಹೋದಂತೆ ಕಂಬಗಳಾಗುತ್ತವೆ. ನಮ್ಮ ಕೆರೆಯಂಗಳ ಬೇಸಿಗೆಯಲ್ಲಿ ಬಿರಿಯುವುದೂ ಇದೇ ನಿಯಮದಿಂದ. ಇದು ನಡೆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದ ನೆಲವು ಸೀಳುತ್ತಿದ್ದ ಕಾಲದಲ್ಲಿ. ಅದೇ ವಯಸ್ಸಿನ ಲಾವಾ ಮಡಗಾಸ್ಕರಿನಲ್ಲೂ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಒಂದು ಕಂಬದ ತಲೆಯ ಮೇಲೆ ಅಂಗೈಯಿಟ್ಟೆ. ಬಿಸಿಲಿಗೆ ಕಾದಿತ್ತು. ಬದಿಯಲ್ಲಿ ಉಪ್ಪಿನ ಬಿಳಿ ಗೆರೆ, ಬಿರುಕಿನಲ್ಲಿ ಸಾಸಿವೆಯಷ್ಟು ಸಣ್ಣ ಚಿಪ್ಪುಗಳು. ಪ್ಲಾಸ್ಟಿಕ್ ಬಾಟಲಿಯೊಂದೂ ಅದೇ ಬಿರುಕಿನಲ್ಲಿ ಸಿಕ್ಕಿಕೊಂಡಿತ್ತು. ಕಿತ್ತು ಚೀಲಕ್ಕೆ ಹಾಕಿಕೊಂಡೆ. ಇಂಥ ಜಾಗಕ್ಕೆ ಬಾಟಲಿ ಎಸೆಯುವ ಕೈಯನ್ನು ಕ್ಷಮಿಸುವುದು ನನ್ನಿಂದಾಗದು.

ಮಧ್ಯಾಹ್ನ ಮರಳಿ ಮಲ್ಪೆ ಬಂದರು. ಬೋಟುಗಳು ಒಂದಕ್ಕೊಂದು ತಾಗಿ ನಿಂತಿವೆ. ಬುಟ್ಟಿ, ಮಂಜುಗಡ್ಡೆ, ಹರಾಜಿನ ಕೂಗು, ಮೀನು ಆರಿಸುವ ಹೆಂಗಸರ ಸಾಲು. ಈ ಕಡಲ ಮಕ್ಕಳಾದ ಮೊಗವೀರರ ದೈವ ಬೊಬ್ಬರ್ಯ. ದೈವಗಳ ಕತೆ ಹೇಳುವ ತುಳು ಹಾಡು ಪಾಡ್ದನದಲ್ಲಿ ಅವನು ಬ್ಯಾರಿ ವರ್ತಕನ ಮಗ, ಕಡಲಿನಲ್ಲಿ ಸತ್ತು ದೈವವಾದವನು. ಕಡಲಿಗಿಳಿಯುವವರು ಮೊದಲು ಅವನಿಗೆ ಕೈಮುಗಿಯುತ್ತಾರೆ.

ಬಲೆ ಹೊಲಿಯುತ್ತಿದ್ದ ತಂಡದ ಬಳಿ ಕೂತೆ. ಇಬ್ಬರು ಊರಿನವರು, ಒಬ್ಬ ಭಟ್ಕಳದವನು, ಮೂವರು ಒಡಿಶಾದವರು. ಅವರಲ್ಲಿ ಕಿರಿಯವ ಗಂಜಾಂ ಜಿಲ್ಲೆಯವನಂತೆ, ಮೊದಲ ವರ್ಷ ಮೀನಿನ ಹೆಸರು ಗೊತ್ತಿಲ್ಲದೆ ಪರದಾಡಿದ್ದನಂತೆ. ಈಗ ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಜೂನ್, ಜುಲೈಯಲ್ಲಿ ಮೀನುಗಾರಿಕೆ ನಿಷೇಧವಿರುವಾಗ ಊರಿಗೆ ಹೋಗುತ್ತಾನೆ, ಆಗಸ್ಟಿಗೆ ಮರಳುತ್ತಾನೆ. ಅವನ ಕೈಯಲ್ಲಿನ ಮರದ ಸೂಜಿ ಬಲೆಯ ಕಣ್ಣಿನಲ್ಲಿ ನುಗ್ಗಿ, ಗಂಟಾಗಿ, ಮುಂದಿನ ಕಣ್ಣಿಗೆ ಹೋಗುತ್ತಿತ್ತು. ಕಣ್ಣಿನ ಅಳತೆಗೆ ಅವನು ಇಟ್ಟುಕೊಂಡದ್ದು ಎರಡು ಬೆರಳು.

'ಬೋಟು ಇಳಿಯುವ ಮೊದಲು ತೆಂಗಿನಕಾಯಿ ಒಡೆಯುವವರು ಯಾರು?' ಎಂದು ಬೋಟಿನ ಮುಖ್ಯಸ್ಥ ತಂಡೇಲರನ್ನು ಕೇಳಿದೆ.

'ಈ ವರ್ಷ ಇವನೇ,' ಎಂದು ಅವರು ಆ ಹುಡುಗನನ್ನು ತೋರಿಸಿದರು. 'ಇವ ಒಡೆದ ದಿನ ಬಲೆ ತುಂಬ್ತದೆ. ನಾವು ನೋಡಿದ್ದೇವೆ.'

ಹುಡುಗ ನಕ್ಕು, ನನ್ನ ಕಾಲ ಕೆಳಗಿದ್ದ ಬಲೆಯ ಅಂಚನ್ನು ಎಳೆದುಕೊಳ್ಳುತ್ತ, 'ಒಂತೆ ಸರಿಲೆ ಅಣ್ಣ' ಎಂದ. ಸರಿದು ಕೂತೆ. ಅವನು ಮುಂದಿನ ಕಣ್ಣಿಗೆ ಸೂಜಿ ಹಾಕಿದ.